ಅಂಜಿದ ನಾಯಿಯ ಚರಿತ್ರೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ಶಿಲಾಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಕ್ರಿ.ಶ. 949–50ರ ಕಾಲದ ಈ ಕಲ್ಲು ಒಂದು ನಾಯಿಯ ವೀರಗಲ್ಲು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನು, ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲತಕ್ಕದ್ದೆಂದು ಕಟ್ಟಳೆ ಮಾಡಿದರು. ಕನ್ನಡಿಗರು ಇದನ್ನು ಅಭಿಮಾನದಿಂದ ನೆನೆಯುವುದು ಸಹಜವಾಗಿಯೇ ಇದೆ.

ಆದರೆ ನಾವು ಇಂದು ಹೇಳಹೊರಟಿರುವುದು ಧೀರವಾದ ನಾಯಿಯ ವಿಚಾರವಲ್ಲ. ದೀಪಾವಳಿಯ ಪಟಾಕಿಯ ಸದ್ದಿಗೆ ಮಂಚದ ಕೆಳಗೆ ನುಸುಳಿ ಎರಡು ದಿನ ಅನ್ನ ಮುಟ್ಟದಿರುವ ನಾಯಿ, ಅಪರಿಚಿತನನ್ನು ಕಂಡೊಡನೆ ಹಲ್ಲು ಕಿರಿದು ಗುರುಗುಟ್ಟುವ ನಾಯಿ, ಮುದ್ದಿಸಲು ಚಾಚಿದ ಕೈಯನ್ನೇ ಕಚ್ಚುವ ನಾಯಿ — ಇವುಗಳ ವಿಚಾರ. ಇಂಥ ನಾಯಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಬಹುಕಾಲ ಅದಕ್ಕೆ ಸಂದುದು ಬೆತ್ತ, ಸರಪಣಿ, ಕೊನೆಗೆ ವಿಷ. ಅದನ್ನು ದುಷ್ಟವೆಂದೋ ಹೇಡಿಯೆಂದೋ ಕರೆದು ಜನರು ತಮ್ಮ ಕೆಲಸ ಮುಗಿಯಿತೆಂದು ತಿಳಿದರು. ಅದು ದುಷ್ಟವೂ ಅಲ್ಲ, ಹೇಡಿಯೂ ಅಲ್ಲ, ಅಂಜಿಕೆಯಿಂದ ನರಳುವ ಪ್ರಾಣಿ ಎಂಬ ಅರಿವು ಮನುಷ್ಯನಿಗೆ ಬಂದದ್ದು ಈಚಿನ ನೂರು ವರ್ಷಗಳಲ್ಲಿ. ಆ ಅರಿವು ಹೇಗೆ ಬಂದಿತು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದೇ ಈ ಪ್ರಬಂಧದ ವಸ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಯಿಗಳ ಶಿಕ್ಷಣವು ಹೆಚ್ಚಾಗಿ ಪೋಲೀಸರ ಮತ್ತು ಸೈನ್ಯದವರ ವಿದ್ಯೆಯಾಗಿತ್ತು. ಜರ್ಮನಿಯ ಕಾನ್ರಾಡ್ ಮೋಸ್ಟ್ ಎಂಬ ಪೋಲೀಸು ಅಧಿಕಾರಿ 1910ರಲ್ಲಿ ಈ ವಿಷಯವಾಗಿ ಬರೆದ ಪುಸ್ತಕವು ಬಹುಕಾಲ ಪ್ರಮಾಣಗ್ರಂಥವಾಗಿ ನಿಂತಿತು. ನಾಯಿ ಮನುಷ್ಯನ ಮಾತಿನ ಅರ್ಥವನ್ನು ತಿಳಿದು ನಡೆಯುವುದಿಲ್ಲ, ತಾನು ಮಾಡಿದ ಕೆಲಸದ ಹಿಂದೆಯೇ ಬರುವ ಸುಖದಿಂದಲೋ ದುಃಖದಿಂದಲೋ ಕಲಿಯುತ್ತದೆ ಎಂದು ಆತನು ಸ್ಪಷ್ಟವಾಗಿ ಕಂಡುಕೊಂಡಿದ್ದನು. ಆ ಮಟ್ಟಿಗೆ ಆತನ ಮಾತು ಇಂದಿಗೂ ಸತ್ಯ. ಆದರೆ ಆತನ ಪದ್ಧತಿಯಲ್ಲಿ ಬಲಾತ್ಕಾರಕ್ಕೆ ದೊಡ್ಡ ಸ್ಥಾನವಿತ್ತು. ನಾಯಿಗೂ ಯಜಮಾನನಿಗೂ ನಡುವೆ ಗೆಲವು ಯಜಮಾನನದೇ ಆಗತಕ್ಕದ್ದು, ಎದುರು ನಿಂತ ನಾಯಿಯನ್ನು ಮಣಿಸಿಯೇ ತೀರಬೇಕು ಎಂಬುದು ಆ ಕಾಲದ ಭಾವನೆ.

ದೃಢವಾದ ಮನಸ್ಸಿನ ನಾಯಿಯು ಈ ಪದ್ಧತಿಯಿಂದ ಆಜ್ಞಾಧಾರಕವಾಗುವುದುಂಟು. ಅಂಜಿದ ನಾಯಿಯ ವಿಷಯದಲ್ಲಿ ಆಗುವುದೇ ಬೇರೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದು ನಿಲ್ಲಬಹುದು. ಗುರುಗುಟ್ಟಿಸಿದ ಅಂಜಿಕೆ ನಿಲ್ಲುವುದಿಲ್ಲ. ನಾಯಿಯ ಭಾಷೆಯಲ್ಲಿ ಗುರುಗುಟ್ಟುವುದೆಂದರೆ ‘ದೂರವಿರು’ ಎಂಬ ಬಿನ್ನಹ. ಆ ಬಿನ್ನಹವನ್ನು ಪೆಟ್ಟಿನಿಂದ ಅಡಗಿಸಿದ ಮನೆಯಲ್ಲಿ ನಾಯಿಗೆ ಉಳಿಯುವ ಮುಂದಿನ ಮಾತು ಕಚ್ಚುವುದೇ ಆಗಿದೆ. ‘ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು’ ಎಂದು ನಾವು ಕೇಳುವ ಅನೇಕ ಕಥೆಗಳ ಹಿಂದೆ ಹೀಗೆ ಬಾಯಿ ಕಟ್ಟಿಸಿಕೊಂಡ ನಾಯಿಯೊಂದು ಇರುತ್ತದೆ.

ಅಂಜಿಕೆಯನ್ನು ಮೊದಲು ಶಾಸ್ತ್ರದ ಕಣ್ಣಿನಿಂದ ನೋಡಿದ ಸ್ಥಳ ರಷ್ಯಾ ದೇಶದ ಒಂದು ಪ್ರಯೋಗಶಾಲೆ. ಆದ್ದರಿಂದ ಈಗ ನಾವು ನೀವಾ ನದಿಯ ದಡದ ಪಟ್ಟಣಕ್ಕೆ ಹೋಗೋಣ. ಆ ಪಟ್ಟಣಕ್ಕೆ 1914ರವರೆಗೆ ಸೇಂಟ್ ಪೀಟರ್ಸ್‌ಬರ್ಗ್ ಎಂದು ಹೆಸರು, ಬಳಿಕ ಹತ್ತು ವರ್ಷ ಪೆಟ್ರೊಗ್ರಾಡ್, 1924ರಿಂದ ಲೆನಿನ್‌ಗ್ರಾಡ್, 1991ರಿಂದ ಮತ್ತೆ ಹಳೆಯ ಹೆಸರೇ. ಅಲ್ಲಿಯ ಪ್ರಯೋಗಾತ್ಮಕ ವೈದ್ಯ ಸಂಸ್ಥೆಯಲ್ಲಿ ಇವಾನ್ ಪಾವ್ಲೋವ್ ಎಂಬ ಶರೀರಶಾಸ್ತ್ರಜ್ಞನು ಕೆಲಸ ಮಾಡುತ್ತಿದ್ದನು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ಆತನಿಗೆ ನೊಬೆಲ್ ಬಹುಮಾನ ದೊರೆತಿತ್ತು. ಅನ್ನದೊಡನೆ ಮತ್ತೆ ಮತ್ತೆ ಜೊತೆಗೂಡಿ ಬಂದ ಸಂಕೇತವು ಮುಂದೆ ಅನ್ನವಿಲ್ಲದಿದ್ದರೂ ನಾಯಿಯ ಬಾಯಲ್ಲಿ ನೀರೂರಿಸುತ್ತದೆ ಎಂಬ ಆತನ ಶೋಧವು ವಿದ್ಯಾವಂತರಿಗೆಲ್ಲ ತಿಳಿದ ವಿಷಯ. ಅಂಜಿಕೆಯ ಬಗ್ಗೆ ಆತನು ಕಂಡುಕೊಂಡದ್ದು ಅಷ್ಟು ಪ್ರಸಿದ್ಧವಾಗಿಲ್ಲ.

1914ರ ಸುಮಾರಿನಲ್ಲಿ ಆತನ ಶಿಷ್ಯೆ ಶೆಂಗರ್-ಕ್ರೆಸ್ಟೊವ್ನಿಕೊವಾ ಎಂಬಾಕೆ ಒಂದು ಪ್ರಯೋಗವನ್ನು ನಡೆಸಿದಳು. ತೆರೆಯ ಮೇಲೆ ಬೆಳಕಿನ ವೃತ್ತ ಕಂಡರೆ ನಾಯಿಗೆ ಅನ್ನ; ಅಂಡಾಕೃತಿ ಕಂಡರೆ ಅನ್ನವಿಲ್ಲ. ನಾಯಿ ಈ ಭೇದವನ್ನು ಚೆನ್ನಾಗಿ ಕಲಿಯಿತು. ಬಳಿಕ ಅಂಡಾಕೃತಿಯನ್ನು ದಿನದಿನಕ್ಕೆ ವೃತ್ತದ ಹತ್ತಿರ ಹತ್ತಿರಕ್ಕೆ ತಂದರು. ಅದರ ಉದ್ದಗಲಗಳ ಪ್ರಮಾಣ 9ಕ್ಕೆ 8ರಷ್ಟಾದಾಗ ನಾಯಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟವಾಯಿತು. ಮೂರು ವಾರ ಬಿಡದೆ ಪರೀಕ್ಷಿಸಿದರು. ನಾಯಿ ಸುಧಾರಿಸುವ ಬದಲು ಮೊದಲು ಕಲಿತಿದ್ದ ಸುಲಭವಾದ ಭೇದವನ್ನೂ ಮರೆಯಿತು. ಅಷ್ಟೇ ಅಲ್ಲ, ಅದುವರೆಗೆ ಶಾಂತವಾಗಿದ್ದ ಪ್ರಾಣಿ ಕಿರಿಚಿ ಒದ್ದಾಡತೊಡಗಿತು. ಮೈಗೆ ಕಟ್ಟಿದ ಉಪಕರಣಗಳನ್ನು ಹಲ್ಲಿನಿಂದ ಕಿತ್ತಿತು. ಆ ಕೊಠಡಿಗೆ ಕರೆದೊಯ್ದರೆ ಸಾಕು, ಉಗ್ರವಾಗಿ ಬೊಗಳಿತು. ಯಾರೂ ಅದನ್ನು ಹೊಡೆದಿರಲಿಲ್ಲ. ಬಿಡಿಸಲಾಗದ ಒಗಟನ್ನು ಬಿಡಿಸೆಂದು ಒತ್ತಾಯಿಸಿದ್ದು, ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದಂತೆ ಕಟ್ಟಿಹಾಕಿದ್ದು, ಇವೆರಡೇ ಅದನ್ನು ಕೆಡಿಸಿದವು.

ಇದಕ್ಕಿಂತ ದೊಡ್ಡ ಪಾಠವನ್ನು ಪ್ರಕೃತಿಯೇ ಕಲಿಸಿತು. 1924ರ ಸೆಪ್ಟೆಂಬರ್ 23ರಂದು ಫಿನ್ಲೆಂಡ್ ಕೊಲ್ಲಿಯಿಂದ ಬೀಸಿದ ಬಿರುಗಾಳಿ ಸಮುದ್ರದ ನೀರನ್ನು ನೀವಾ ನದಿಯೊಳಕ್ಕೆ ಹಿಂದಕ್ಕೆ ನೂಕಿತು. ಆ ಪಟ್ಟಣವು ಸರಿಯಾಗಿ ನೂರು ವರ್ಷಗಳ ಹಿಂದೆ, 1824ರಲ್ಲಿ, ಇಂಥದೇ ಪ್ರವಾಹಕ್ಕೆ ಸಿಕ್ಕಿತ್ತು. ಪುಷ್ಕಿನ್ ಕವಿಯ ಪ್ರಸಿದ್ಧ ಕಾವ್ಯವೊಂದಕ್ಕೆ ಆ ಪ್ರವಾಹವೇ ವಸ್ತು. 1924ರ ನೆರೆಯು ಅದರ ತರುವಾಯ ಅತ್ಯಂತ ದೊಡ್ಡದು. ಪಾವ್ಲೋವನ ಸಂಸ್ಥೆ ಇದ್ದುದು ಒಂದು ದ್ವೀಪದ ಮೇಲೆ. ನಾಯಿಗಳ ಮನೆಗಳು ಪ್ರಯೋಗಶಾಲೆಯ ಮುಖ್ಯ ಕಟ್ಟಡದಿಂದ ದೂರದಲ್ಲಿದ್ದುವು. ನೀರು ಏರುತ್ತ ಬಂದಿತು. ಅಲೆಗಳು ಗೋಡೆಗೆ ಅಪ್ಪಳಿಸುತ್ತಿದ್ದುವು. ಮರಗಳು ಮುರಿದು ಬೀಳುತ್ತಿದ್ದುವು. ಆ ಗದ್ದಲದ ನಡುವೆ ಕೆಲಸದವರು ನಾಯಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ನೀರಿನಲ್ಲಿ ಈಜಿಸಿಕೊಂಡು ಮುಖ್ಯ ಕಟ್ಟಡಕ್ಕೆ ತಂದು ಮೇಲಂತಸ್ತಿನಲ್ಲಿ ಒಟ್ಟಿಗೆ ಕೂಡಿದರು.

ಅಲ್ಲಿ ಒಂದು ಆಶ್ಚರ್ಯವನ್ನು ಅವರು ಕಂಡರು. ಬೇರೆ ದಿನಗಳಲ್ಲಿ ಒಂದೆಡೆ ಕೂಡಿದರೆ ಕಚ್ಚಾಡುತ್ತಿದ್ದ ನಾಯಿಗಳು ಅಂದು ಒಂದೂ ಜಗಳವಾಡಲಿಲ್ಲ. ನೋಡಿದವರಿಗೆ ಅದು ಶಾಂತಿಯಂತೆ ಕಾಣಬಹುದಾಗಿತ್ತು. ಪಾವ್ಲೋವನು ಅದನ್ನು ಶಾಂತಿಯೆಂದು ತಿಳಿಯಲಿಲ್ಲ. ಅತಿಯಾದ ಆಘಾತದಿಂದ ಮಿದುಳಿನ ಕೆಲಸವೇ ತಡೆಹಿಡಿದು ನಿಂತಿದೆಯೆಂದು ತಿಳಿದನು. ಮುದುಡಿ ಕುಳಿತ ನಾಯಿಯನ್ನು ಕಂಡು ‘ಪಾಪ, ಎಷ್ಟು ಸಾಧು’ ಎನ್ನುವ ನಾವೆಲ್ಲರೂ ಇದನ್ನು ನೆನಪಿನಲ್ಲಿಡಬೇಕು.

ನೀರು ಇಳಿದ ಮೇಲೆ ನಾಯಿಗಳು ತಮ್ಮ ಮನೆಗಳಿಗೆ ಹಿಂದಿರುಗಿದುವು. ಕೆಲವಕ್ಕೆ ಏನೂ ಆಗಿರಲಿಲ್ಲ. ಮತ್ತೆ ಕೆಲವು, ಸ್ವಭಾವದಿಂದಲೇ ಮೃದುವೂ ಅಂಜುಬುರುಕವೂ ಆದುವು, ಬಹಳ ಕಾಲ ಕೆಟ್ಟುಹೋಗಿದ್ದುವು. ಒಂದೇ ನೀರು, ಒಂದೇ ರಾತ್ರಿ. ಫಲ ಮಾತ್ರ ಬೇರೆ ಬೇರೆ. ಸ್ಪೆರಾನ್ಸ್‌ಕಿ ಎಂಬ ಶಿಷ್ಯನು ನೋಡಿಕೊಳ್ಳುತ್ತಿದ್ದ ಒಂದು ನಾಯಿಯ ಕಥೆಯನ್ನು ಪಾವ್ಲೋವನು ತನ್ನ ಉಪನ್ಯಾಸಗಳಲ್ಲಿ ವಿವರವಾಗಿ ಹೇಳಿದ್ದಾನೆ. ಆ ಉಪನ್ಯಾಸಗಳು 1927ರಲ್ಲಿ ಇಂಗ್ಲಿಷಿಗೂ ಬಂದುವು. ಪ್ರವಾಹವಾದ ಸುಮಾರು ಒಂದು ವಾರಕ್ಕೆ ಆ ನಾಯಿಯನ್ನು ಎಂದಿನ ಪೀಠದ ಮೇಲೆ ನಿಲ್ಲಿಸಿದರು. ಅದಕ್ಕೆ ನೆಲೆನಿಲ್ಲದ ಚಡಪಡಿಕೆ. ಕಲಿತ ಪ್ರತಿಕ್ರಿಯೆಗಳೆಲ್ಲ ಮಾಯವಾಗಿದ್ದುವು. ಅನ್ನವನ್ನು ಮುಂದಿಟ್ಟರೆ ಮುಖ ತಿರುಗಿಸಿತು. ಮೂರು ದಿನ ಉಪವಾಸವಿರಿಸಿದರೂ ಅದು ಅಲ್ಲಿ ಉಣ್ಣಲೊಲ್ಲದು. ರೋಗವೇನಾದರೂ ಇದೆಯೇ ಎಂದು ಹುಡುಕಿದರು, ಏನೂ ಕಾಣಲಿಲ್ಲ. ಆಗ ಅವರಿಗೆ ನೆರೆಯ ನೆನಪಾಯಿತು.

ಮುಂದೆ ಅವರು ಮಾಡಿದುದು ಅತ್ಯಂತ ಸರಳವಾದ ಕೆಲಸ. ಪ್ರಯೋಗದ ಕಾಲದಲ್ಲಿ ನಾಯಿ ಕೊಠಡಿಯಲ್ಲಿ ಒಂಟಿಯಾಗಿರುವುದು, ಪ್ರಯೋಗ ನಡೆಸುವವನು ಹೊರಗಿರುವುದು ಅಲ್ಲಿಯ ನಿಯಮ. ಆ ನಿಯಮವನ್ನು ಸಡಿಲಿಸಿ, ಸ್ಪೆರಾನ್ಸ್‌ಕಿಯು ನಾಯಿಯ ಪಕ್ಕದಲ್ಲಿಯೇ ಇದ್ದನು. ಹೊರಗಿನ ಕೆಲಸವನ್ನು ಬೇರೊಬ್ಬರು ನೋಡಿಕೊಂಡರು. ಒಡನೆಯೇ ನಾಯಿ ಅನ್ನವನ್ನು ತಿಂದಿತು. ಕಳೆದುಹೋಗಿದ್ದ ಪ್ರತಿಕ್ರಿಯೆಗಳು ತಲೆದೋರಿದುವು. ಅವನು ಹೊರಕ್ಕೆ ಹೋದರೆ ಅವು ಮತ್ತೆ ಮರೆಯಾದುವು. ಹೀಗೆ ಜೊತೆಗಿರುತ್ತ, ಸ್ವಲ್ಪ ಸ್ವಲ್ಪವಾಗಿ ಬಿಟ್ಟಿರುತ್ತ, ಬಹಳ ದಿನಗಳ ಮೇಲೆ ನಾಯಿ ಸುಧಾರಿಸಿತು. ಮೊದಲು ಎಲ್ಲಕ್ಕಿಂತ ಬಲವಾದ ಸಂಕೇತವಾಗಿದ್ದ ದೊಡ್ಡ ಗಂಟೆಯ ಸದ್ದನ್ನು ತಾಳಿಕೊಳ್ಳುವ ಶಕ್ತಿ ಮಾತ್ರ ಅದಕ್ಕೆ ಎಲ್ಲಕ್ಕಿಂತ ತಡವಾಗಿ ಬಂದಿತು.

ನಾಯಿ ಗುಣವಾಯಿತೆಂದು ತೋರಿದ ಮೇಲೆ ಅವರು ಇನ್ನೊಂದು ಪರೀಕ್ಷೆ ಮಾಡಿದರು. ಬಾಗಿಲ ಕೆಳಗಿನಿಂದ ಸ್ವಲ್ಪ ನೀರನ್ನು ಸದ್ದಿಲ್ಲದೆ ಕೊಠಡಿಯೊಳಕ್ಕೆ ಹರಿಸಿದರು. ಪೀಠದ ಹತ್ತಿರ ನೆಲದ ಮೇಲೆ ಒಂದು ಸಣ್ಣ ಮಡುವಾಯಿತು, ಅಷ್ಟೆ. ನಾಯಿ ಥಟ್ಟನೆ ಎದ್ದಿತು. ನೀರನ್ನೇ ದಿಟ್ಟಿಸುತ್ತ ಏದುಸಿರು ಬಿಟ್ಟಿತು. ಪೀಠದಿಂದ ಹಾರಲು ತವಕಿಸಿತು. ಅನ್ನ ಮತ್ತೆ ಬೇಡವಾಯಿತು. ವಾರಗಟ್ಟಲೆ ಕಟ್ಟಿದ ಧೈರ್ಯವನ್ನು ಒಂದು ಚೊಂಬಿನಷ್ಟು ನೀರು ಕೊಚ್ಚಿಕೊಂಡು ಹೋಯಿತು.

ಅಂಜಿಕೆಯ ಸ್ವರೂಪವೆಲ್ಲ ಈ ಒಂದು ನಾಯಿಯ ಕಥೆಯಲ್ಲಿದೆಯೆಂದು ನಮಗೆ ತೋರುತ್ತದೆ. ಭಯವು ಬಂದ ಮೇಲೆ ಅದನ್ನು ಹಲಗೆಯ ಮೇಲಿನ ಬರಹದಂತೆ ಒರಸಿಹಾಕಲಾಗದು. ಹಳೆಯ ಪಾಠ ಒಳಗೆ ಉಳಿದೇ ಇರುತ್ತದೆ. ಅದರ ಮೇಲೆ ಹೊಸ ಪಾಠವನ್ನು ಬರೆಯಬಹುದು. ಹೊಸದು ಗಟ್ಟಿಯಾದಷ್ಟೂ ಹಳೆಯದು ಕೆಳಗೆ ಅಡಗುತ್ತದೆ. ಹಳೆಯ ಗುರುತು ಮತ್ತೆ ಕಂಡರೆ ಮೇಲೆದ್ದೀತು. ಅಂಜಿದ ನಾಯಿಯನ್ನು ಸಾಕಿದವರು ಆರು ತಿಂಗಳ ಶ್ರಮದ ಬಳಿಕ ಒಂದು ದಿನ ಅದು ಮತ್ತೆ ಮೊದಲಿನಂತೆ ಬೆದರಿದಾಗ ಎಲ್ಲವೂ ವ್ಯರ್ಥವಾಯಿತೆಂದು ನಿರಾಶರಾಗುತ್ತಾರೆ. ಆದರೆ ಲೆನಿನ್‌ಗ್ರಾಡಿನ ನಾಯಿ ಒಮ್ಮೆ ಸುಧಾರಿಸಿದ್ದು ಸುಳ್ಳಲ್ಲ. ಕಷ್ಟ ಬಂದಾಗ ಪಕ್ಕದಲ್ಲಿ ನಂಬಿದವರು ಇರಬೇಕಾದುದು ಇನ್ನೂ ಮುಗಿದಿಲ್ಲವೆಂದಷ್ಟೇ ಆ ಹಿನ್ನಡೆಯ ಅರ್ಥ.

ಅದೇ 1924ರಲ್ಲಿ, ಸಾವಿರಾರು ಮೈಲಿ ದೂರದ ನ್ಯೂಯಾರ್ಕಿನಲ್ಲಿ, ಮೇರಿ ಕವರ್ ಜೋನ್ಸ್ ಎಂಬ ವಿದುಷಿ ಪೀಟರ್ ಎಂದು ತಾನು ಕರೆದ ಒಂದು ಮಗುವಿನ ಭಯವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದಳು. ಮೂರು ವರ್ಷ ಇನ್ನೂ ತುಂಬದ ಆ ಮಗುವಿಗೆ ಮೊಲವೆಂದರೆ ಹೆದರಿಕೆ. ಮಗು ತನಗೆ ಪ್ರಿಯವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿ ಇಡುವುದು, ಮಗು ಅಳದಿರುವಷ್ಟು ಮಾತ್ರ ದಿನದಿನಕ್ಕೆ ಹತ್ತಿರ ತರುವುದು: ಇದು ಆಕೆಯ ಉಪಾಯ. ಕೊನೆಗೆ ಮಗು ಮೊಲವನ್ನು ಕೈಯಿಂದ ಸವರಿತು. 1958ರಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಎಂಬ ವೈದ್ಯನು, ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳ ಆಧಾರದಿಂದ, ಇದೇ ತತ್ತ್ವವನ್ನು ಮನುಷ್ಯರ ಭಯರೋಗಗಳ ಚಿಕಿತ್ಸೆಯನ್ನಾಗಿ ಬೆಳೆಸಿದನು. ಇಂದು ಅಂಜಿದ ನಾಯಿಗಳಿಗೆ ಮಾಡುವ ಚಿಕಿತ್ಸೆಯ ಮೂಲವೂ ಇದೇ. ಹೀಗೆ ಮಗು, ಬೆಕ್ಕು, ನಾಯಿ ಎಲ್ಲಕ್ಕೂ ಮದ್ದು ಒಂದೇ ಆಯಿತು. ಭಯದ ವಸ್ತು ದೂರದಲ್ಲಿರಬೇಕು, ಸುಖದ ವಸ್ತು ಹತ್ತಿರವಿರಬೇಕು, ನಡುವಿನ ಅಂತರ ನಿಧಾನವಾಗಿ ಕುಗ್ಗಬೇಕು.

ಭಯವೆಲ್ಲವೂ ಆಘಾತದಿಂದಲೇ ಬರುವುದಲ್ಲ. ಅನುಭವದ ಕೊರತೆಯಿಂದಲೂ ಬರುತ್ತದೆ. ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಅನೇಕ ವರ್ಷಗಳ ಕಾಲ ನಾಯಿಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ 1961ರಲ್ಲಿ ಅದೇ ಸ್ಥಳದ ಒಂದು ಪ್ರಯೋಗದ ಫಲ ಪ್ರಕಟವಾಗಿತ್ತು. ಬೇಲಿ ಹಾಕಿದ ಬಯಲಿನಲ್ಲಿ ತಾಯಿಯೊಡನೆ, ಮನುಷ್ಯರ ಸಂಪರ್ಕವಿಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಕಾಡುಮೃಗಗಳಂತೆ ಮನುಷ್ಯನಿಗೆ ಹೆದರಿದುವು. ಮೊದಲ ಕೆಲವು ವಾರಗಳಲ್ಲಿಯೇ ಮನುಷ್ಯನ ಬಳಕೆ ಪಡೆದ ಮರಿಗಳು ಹಾಗಾಗಲಿಲ್ಲ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವು ಲೋಕವನ್ನು ನಂಬಲು ಕಲಿಯುವ ಕಾಲ. ಆಗ ಮರಿ ಕಂಡು ಕೇಳಿ ಮೂಸಿದ್ದು ಅದಕ್ಕೆ ತನ್ನದಾಗುತ್ತದೆ. ಆಮೇಲೆ ಬಂದದ್ದೆಲ್ಲವನ್ನೂ ಅದು ಮೊದಲು ಸಂದೇಹದಿಂದ ನೋಡುತ್ತದೆ. ಕತ್ತಲೆಯ ಕೋಣೆಯಲ್ಲಿ ಕೂಡಿ ಬೆಳೆಸಿದ ಮರಿಯು ಮುಂದೆ ಛತ್ರಿಗೂ ಬೈಸಿಕಲ್ಲಿಗೂ ಬೆದರಿದರೆ ತಪ್ಪು ಅದರದಲ್ಲ.

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಬಂದ ಒಂದು ಸಂಶೋಧನೆ ಓದಲು ಕಷ್ಟವಾದುದು. ಆದರೂ ಅದನ್ನು ಬಿಟ್ಟು ಈ ಚರಿತ್ರೆಯನ್ನು ಹೇಳಲಾಗದು. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ತರುಣರು ಕೆಲವು ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ತಿನ ಪೆಟ್ಟುಗಳನ್ನು ಕೊಟ್ಟರು. ಬಳಿಕ ಆ ನಾಯಿಗಳನ್ನು, ನಡುವಿನ ಗಿಡ್ಡ ತಡೆಯನ್ನು ಹಾರಿದರೆ ಪೆಟ್ಟು ತಪ್ಪುವಂತಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಬೇರೆ ನಾಯಿಗಳು ಹಾರಿ ಪಾರಾದುವು. ಇವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ. ಮಲಗಿ ಕುಂಯ್ಗುಡುತ್ತ ಪೆಟ್ಟನ್ನು ಸಹಿಸಿದುವು. ಮರುವರ್ಷ ಅವರು ಅಂಥ ನಾಯಿಗಳನ್ನು ಗುಣಪಡಿಸುವ ದಾರಿಯನ್ನೂ ಪ್ರಕಟಿಸಿದರು. ಕೊರಳಿಗೆ ಹಗ್ಗ ಕಟ್ಟಿ ಆಚೆಯ ಬದಿಗೆ ಮತ್ತೆ ಮತ್ತೆ ಎಳೆದೊಯ್ಯಬೇಕಾಯಿತು. ಮೊದಮೊದಲು ನಾಯಿ ಹೆಣಭಾರವಾಗಿತ್ತು. ಬರುಬರುತ್ತ ಹಗ್ಗದ ಎಳೆತ ಕಡಮೆ ಸಾಕಾಯಿತು. ಕೊನೆಗೆ ನಾಯಿ ತಾನಾಗಿಯೇ ಹಾರಿತು.

ಬಹುಕಾಲ ಇದನ್ನು ‘ಕಲಿತ ಅಸಹಾಯಕತೆ’ ಎಂದು ಕರೆದರು. ಸುಮಾರು ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಅದೇ ಇಬ್ಬರು ವಿದ್ವಾಂಸರು ತಮ್ಮ ಹಳೆಯ ಮಾತನ್ನು ತಾವೇ ತಿದ್ದಿದರು. ದೀರ್ಘವಾದ ಯಾತನೆಯಲ್ಲಿ ಮುದುಡಿ ಬೀಳುವುದು ಪ್ರಾಣಿಯ ಸಹಜವಾದ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ. ಕಲಿಯಬೇಕಾದುದು ‘ನನ್ನಿಂದ ಏನಾದರೂ ಆದೀತು’ ಎಂಬ ನಂಬಿಕೆಯನ್ನು. ಮಿದುಳಿನ ಸಂಶೋಧನೆಗಳ ಆಧಾರದಿಂದ ಅವರು ಈ ನಿರ್ಣಯಕ್ಕೆ ಬಂದರು. ತಮ್ಮ ಕೀರ್ತಿಗೆ ಕಾರಣವಾದ ಸಿದ್ಧಾಂತವನ್ನು ತಾವೇ ತಿರುವಿಹಾಕಿದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ನಮ್ಮ ವಿಷಯಕ್ಕೆ ಅದರಿಂದ ಒದಗುವ ಬುದ್ಧಿ ಇಷ್ಟು: ಅಂಜಿದ ನಾಯಿಗೆ ಅನ್ನವೂ ಮುದ್ದೂ ಸಾಲದು, ಅದರ ಇಚ್ಛೆಗೆ ಬೆಲೆ ಇರಬೇಕು. ಬೇಡವೆಂದಾಗ ದೂರ ಸರಿಯಲು ದಾರಿ, ಬೇಕೆಂದಾಗ ಹತ್ತಿರ ಬರಲು ಅವಕಾಶ, ಇವೆರಡೂ ಇದ್ದರೆ ಧೈರ್ಯ ಒಳಗಿನಿಂದ ಹುಟ್ಟುತ್ತದೆ.

ಪ್ರಯೋಗಶಾಲೆಗಳ ಈ ವಿದ್ಯೆ ಲೋಕವ್ಯವಹಾರದಲ್ಲಿ ನಿಜವಾದ ಪರೀಕ್ಷೆಗೆ ನಿಂತುದು 2007ರಲ್ಲಿ. ಅಮೆರಿಕದ ವರ್ಜಿನಿಯಾ ಪ್ರಾಂತದಲ್ಲಿ ಮೈಕೇಲ್ ವಿಕ್ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರನಿಗೆ ಸೇರಿದ ಜಮೀನಿನಲ್ಲಿ ನಾಯಿಜಗಳದ ಜೂಜು ನಡೆಯುತ್ತಿದ್ದುದು ಆ ವರ್ಷದ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದಿತು. ಆಗಸ್ಟಿನಲ್ಲಿ ಆತನು ತಪ್ಪೊಪ್ಪಿಕೊಂಡನು; ಡಿಸೆಂಬರಿನಲ್ಲಿ 23 ತಿಂಗಳ ಸೆರೆಯಾಯಿತು. ಉಳಿದ ಪ್ರಶ್ನೆ ನಾಯಿಗಳದು. ಅದುವರೆಗೆ ಇಂಥ ನಾಯಿಗಳನ್ನು ಅಪಾಯಕಾರಿಗಳೆಂದು ಸಾರಾಸಗಟಾಗಿ ಕೊಂದುಬಿಡುವುದೇ ವಾಡಿಕೆ. ಪ್ರಾಣಿದಯಾಸಂಘಗಳಲ್ಲಿಯೇ ಕೆಲವು ಹಾಗೆ ಸಲಹೆ ಕೊಟ್ಟವು. ನ್ಯಾಯಾಲಯವು ಬೇರೆ ದಾರಿ ಹಿಡಿಯಿತು. ಒಂದೊಂದು ನಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸತಕ್ಕದ್ದೆಂದು ತೀರ್ಮಾನವಾಗಿ, ರೆಬೆಕಾ ಹಸ್ ಎಂಬ ನ್ಯಾಯಶಾಸ್ತ್ರದ ಅಧ್ಯಾಪಿಕೆ ಅವುಗಳ ಪೋಷಕಿಯಾಗಿ ನೇಮಕಗೊಂಡರು. ಅವುಗಳ ಪಾಲನೆಗಾಗಿ ಅಪರಾಧಿಯಿಂದ ಒಂಬತ್ತು ಲಕ್ಷ ಡಾಲರುಗಳಿಗೂ ಮಿಕ್ಕ ಹಣವನ್ನು ಕೊಡಿಸಿದರು.

ಪರೀಕ್ಷಿಸಿದ 49 ನಾಯಿಗಳಲ್ಲಿ, ಸರಿಪಡಿಸಲಾಗದಷ್ಟು ಉಗ್ರವೆಂದು ಕೊಲ್ಲಬೇಕಾದುದು ಒಂದೇ ಒಂದು. ಇನ್ನೊಂದನ್ನು ರೋಗದ ಕಾರಣದಿಂದ ಕಳೆದುಕೊಂಡರು. 47 ನಾಯಿಗಳು ಬೇರೆ ಬೇರೆ ಸಂಸ್ಥೆಗಳಿಗೆ ಹೋದುವು. ಅವುಗಳಲ್ಲಿ 22 ಯೂಟಾ ಪ್ರಾಂತದ ಒಂದು ಪ್ರಾಣಿಧಾಮಕ್ಕೆ ಸೇರಿದುವು. ಲೋಕವೆಲ್ಲ ಕ್ರೂರಮೃಗಗಳನ್ನು ನಿರೀಕ್ಷಿಸಿತ್ತು. ಪರೀಕ್ಷಕರು ಕಂಡದ್ದು ಬಹುಪಾಲು ಭಯವನ್ನು. ಮನುಷ್ಯ ಹತ್ತಿರ ಬಂದರೆ ಕೆಲವು ನಾಯಿಗಳು ರೊಟ್ಟಿಯಂತೆ ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಬಿದ್ದಿರುತ್ತಿದ್ದುವು. ಅನೇಕವು ಕ್ರಮೇಣ ಮನೆಗಳಿಗೆ ಸೇರಿದುವು. ಕೆಲವು ಆಸ್ಪತ್ರೆಯ ರೋಗಿಗಳಿಗೂ ಶಾಲೆಯ ಮಕ್ಕಳಿಗೂ ಸಂತೋಷ ಕೊಡುವ ಕೆಲಸಕ್ಕೆ ಕೂಡ ಬಂದುವು. ಕೆಲವು ಕೊನೆಯವರೆಗೂ ಅಂಜುತ್ತಲೇ ಇದ್ದುವು. ಆದರೂ ಅವಕ್ಕೆ ಬಿಸಿಲು ಕಾಯಿಸಲು ಒಂದು ಜಾಗ, ನಂಬಲು ಒಬ್ಬ ಮನುಷ್ಯ ಸಿಕ್ಕಿದ್ದು ಸಣ್ಣದಲ್ಲ.

ಇದಾದ ಮೇಲೆ ಅಂಜಿದ ನಾಯಿಗಳಿಗೆಂದೇ ಚಿಕಿತ್ಸಾಲಯಗಳು ಹುಟ್ಟಿದುವು. ಅಮೆರಿಕದ ಹಳೆಯ ಪ್ರಾಣಿದಯಾಸಂಘವೊಂದು 2013ರಲ್ಲಿ ನ್ಯೂ ಜರ್ಸಿಯಲ್ಲಿ ಆರಂಭಿಸಿದ ಇಂಥ ಕೇಂದ್ರವು 2018ರಲ್ಲಿ ಉತ್ತರ ಕೆರೊಲಿನಾದಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಅಲ್ಲಿ ಚಿಕಿತ್ಸೆ ಪಡೆದ 400ಕ್ಕೂ ಹೆಚ್ಚು ಅತಿಭೀತ ನಾಯಿಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸುಧಾರಿಸಿ ಮನೆ ಸೇರಲು ಯೋಗ್ಯವಾದುವೆಂದು ಪ್ರಕಟವಾದ ವರದಿಯಿಂದ ತಿಳಿಯುತ್ತದೆ. ಧೈರ್ಯವಂತ ನಾಯಿಯೊಂದನ್ನು ಅಂಜಿದ ನಾಯಿಯ ಜೊತೆಗೆ ಬಿಡುವುದು ಅಲ್ಲಿಯ ಒಂದು ಉಪಾಯ. ಮನುಷ್ಯನ ಕೈಯಿಂದ ತಿಂಡಿ ತಿನ್ನುವ ಸಂಗಾತಿಯನ್ನು ನೋಡಿ ಅಂಜಿದ ನಾಯಿಯೂ ಒಂದು ಹೆಜ್ಜೆ ಮುಂದಿಡುತ್ತದೆ. ಅವಶ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಪಾವ್ಲೋವನು ಬ್ರೋಮೈಡ್ ಲವಣವನ್ನು ಕೊಟ್ಟು ನೋಡಿದ್ದನು. ಒಂಟಿತನದ ಕಳವಳದಿಂದ ನರಳುವ ನಾಯಿಗಳಿಗಾಗಿ 2007ರಲ್ಲಿ ಅಮೆರಿಕದ ಸರ್ಕಾರವು ಫ್ಲುವಾಕ್ಸೆಟಿನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಔಷಧವು ಅಭ್ಯಾಸಕ್ಕೆ ಸಹಾಯ, ಅಭ್ಯಾಸದ ಬದಲಲ್ಲ.

ಶ್ರೋತೃಗಳಲ್ಲಿ ನಾಯಿ ಸಾಕಿದವರು ಅನೇಕರಿರಬಹುದು. ಈ ಚರಿತ್ರೆಯಿಂದ ಮನೆಯ ಬಳಕೆಗೆ ಸಿಗುವುದೇನೆಂದು ಅವರು ಕೇಳಿದರೆ ನಮ್ಮ ಉತ್ತರ ಹೀಗಿದೆ. ನಾಯಿ ಬೆದರುವ ವಸ್ತುವನ್ನು, ಅದು ಕಂಡೂ ತಿಂಡಿ ತಿನ್ನಬಲ್ಲಷ್ಟು ದೂರದಲ್ಲಿ ಮೊದಲು ಇರಿಸಬೇಕು. ತಿಂಡಿಯನ್ನು ಮುಟ್ಟದಿದ್ದರೆ ನಾವು ಹೆಚ್ಚು ಹತ್ತಿರ ಬಂದೆವೆಂದು ತಿಳಿದು ಹಿಂದೆ ಸರಿಯಬೇಕು. ಅಭ್ಯಾಸವಾಗಲೆಂದು ಪಟಾಕಿಯ ನಡುವೆ ಎಳೆದೊಯ್ಯುವುದು ನೆರೆಯ ನೀರಿಗೆ ಮತ್ತೊಮ್ಮೆ ನೂಕಿದಂತೆ. ಹೆದರಿದ ನಾಯಿ ನಮ್ಮ ಪಕ್ಕಕ್ಕೆ ಬಂದರೆ ಸಮಾಧಾನಪಡಿಸಲು ಹಿಂಜರಿಯಬೇಕಾದುದಿಲ್ಲ. ನಂಬಿದವನ ಸಾಮೀಪ್ಯವೇ ಲೆನಿನ್‌ಗ್ರಾಡಿನ ನಾಯಿಗೆ ಮೊದಲ ಔಷಧವಾಯಿತು. ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಮೈಯಲ್ಲಿ ನೋವೋ ರೋಗವೋ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು. ಕಚ್ಚಿಸಿಕೊಂಡವರು, ನಾಯಿ ಮನೆಯದಾಗಲಿ ಬೀದಿಯದಾಗಲಿ, ಗಾಯವನ್ನು ಒಡನೆಯೇ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು; ರೇಬೀಸಿನ ವಿಷಯದಲ್ಲಿ ದಯೆಗೂ ಎಚ್ಚರಕ್ಕೂ ವಿರೋಧವಿಲ್ಲ.

ಈ ವಿವೇಚನೆ ನಮ್ಮ ದೇಶದಲ್ಲಿ ಮನೆಯ ಮಾತಾಗಿ ಉಳಿದಿಲ್ಲ. 2001ರ ಮತ್ತು 2023ರ ನಿಯಮಗಳು ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಕ್ರಿಯೆಯನ್ನೂ ಲಸಿಕೆಯನ್ನೂ ಮಾಡಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದು ವಿಧಿಸಿದುವು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಯಲ್ಲಿ, ರೇಬೀಸ್ ತಗಲಿದ ಅಥವಾ ತಗಲಿದೆಯೆಂದು ಸಂಶಯವಿರುವ ನಾಯಿಗಳನ್ನೂ ಉಗ್ರವರ್ತನೆಯ ನಾಯಿಗಳನ್ನೂ ಹಾಗೆ ಬಿಡಬಾರದೆಂಬ ಮಾತು ಸೇರಿತು. ಕಚ್ಚಿಸಿಕೊಂಡ ಮಕ್ಕಳ ತಂದೆತಾಯಿಗಳ ಸಂಕಟವನ್ನು ಬಲ್ಲವರು ಆ ಎಚ್ಚರವನ್ನು ಹಳಿಯಲಾರರು. ಆದರೆ ಹಿಡಿಯುವವನ ಬಲೆಯಲ್ಲಿ ಸಿಕ್ಕ ನಾಯಿಗಳಲ್ಲಿ ಉಗ್ರವಾದುದು ಯಾವುದು, ಬೆದರಿದುದು ಯಾವುದು? ಬಲೆಯೊಳಗೆ ಎರಡೂ ಹಲ್ಲು ತೋರಿಸುತ್ತವೆ. ವರ್ಜಿನಿಯಾದಲ್ಲಿ 49ರಲ್ಲಿ ಒಂದೇ ಎಂದು ತಿಳಿದದ್ದು ಒಂದೊಂದನ್ನೂ ತಾಳ್ಮೆಯಿಂದ ನೋಡಿದ್ದರಿಂದ. ಆ ತಾಳ್ಮೆಯನ್ನು ಕಲಿತ ಕಣ್ಣುಗಳು ನಮ್ಮ ಪುರಸಭೆಗಳಲ್ಲಿಯೂ ಇರಬೇಕಾದುದು ಅವಶ್ಯ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿಯನ್ನು ಎಲ್ಲರೂ ಬಲ್ಲರು. ಅದರ ಆರಂಭದಲ್ಲಿಯೂ ಒಂದು ನಾಯಿ ಇರುವುದನ್ನು ಅನೇಕರು ಮರೆತಿದ್ದಾರೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದಿತು. ಸರಮೆ ಬಂದು, ತಪ್ಪಿಲ್ಲದೆ ಹೊಡೆದಿರಿ, ಆದ್ದರಿಂದ ಕಾಣದ ಭಯವೊಂದು ನಿಮಗೂ ಬರಲಿ ಎಂದು ಶಪಿಸಿದಳು. ಹೊಡೆದವನಿಗೆ ಬರುವುದು ಭಯ ಎಂಬ ಈ ಮಾತಿನ ಅರ್ಥ ಬೆದರಿದ ನಾಯಿಗಳಿರುವ ಬೀದಿಯಲ್ಲಿ ರಾತ್ರಿ ನಡೆಯುವವರಿಗೆ ಚೆನ್ನಾಗಿ ತಿಳಿಯುತ್ತದೆ.

ಪಾವ್ಲೋವನು ಸಾಯುವ ಹಿಂದಿನ ವರ್ಷ, 1935ರಲ್ಲಿ, ಲೆನಿನ್‌ಗ್ರಾಡಿನ ಆ ಸಂಸ್ಥೆಯ ತೋಟದಲ್ಲಿ ನಾಯಿಗೆ ಒಂದು ಸ್ಮಾರಕವನ್ನು ನಿಲ್ಲಿಸಿದರು. ಆತನ ಪ್ರಯೋಗಗಳಲ್ಲಿ ನಾಯಿಗಳು ಪಟ್ಟ ನೋವು ಅದರಿಂದ ಮರೆಯಾಗುವುದಿಲ್ಲ. ಋಣವಿದೆಯೆಂಬ ಒಪ್ಪಿಗೆಯಂತೂ ಅದರಲ್ಲಿದೆ. ನಮ್ಮ ಆತಕೂರಿನ ಕಲ್ಲು ಕಾದಿ ಸತ್ತ ನಾಯಿಯದು. ಅಲ್ಲಿ ನಿಂತಿರುವುದು, ಅಂಜಿ ಬದುಕಿ, ಅಂಜಿಕೆಯೆಂದರೇನೆಂಬುದನ್ನು ಮನುಷ್ಯನಿಗೆ ತಿಳಿಸಿಕೊಟ್ಟ ನಾಯಿಗಳಿಗೂ ಸೇರಿದುದೆಂದು ನಾವು ತಿಳಿಯುತ್ತೇವೆ. ನಮ್ಮ ಮನೆಯ ಮಂಚದ ಕೆಳಗೆ ನಡುಗುತ್ತಿರುವ ನಾಯಿಗೆ ಕಲ್ಲಿನ ಅವಶ್ಯಕತೆಯಿಲ್ಲ. ಅದರ ಪಕ್ಕದ ನೆಲದ ಮೇಲೆ, ಕೈ ಚಾಚದೆ, ಸ್ವಲ್ಪ ಹೊತ್ತು ಯಾರಾದರೂ ಕುಳಿತರೆ ಸಾಕು.